ತೆರೆಯ ಮೇಲೆ ಚಟ ಬಿಟ್ಟವರು: ಯಾವ ಸಿನಿಮಾ, ಯಾರ ಜೊತೆ, ಆಮೇಲೆ ಏನು?

ಪ್ರತಿ ವರ್ಷ ಜೂನ್ 26 ಹತ್ತಿರವಾದಂತೆ ಮಂಗಳೂರಿನ ಕಾಲೇಜುಗಳಲ್ಲಿ ಹೆಚ್ಚೂಕಡಿಮೆ ಒಂದೇ ಬಗೆಯ ತಯಾರಿ ನಡೆಯುತ್ತದೆ. ಅದು ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿದ ಮಾದಕ ದ್ರವ್ಯ ವಿರೋಧಿ ದಿನ. ಪೊಲೀಸ್ ಅಧಿಕಾರಿಯ ಭಾಷಣ, ಪ್ರತಿಜ್ಞೆ, ಒಂದು ಬೀದಿನಾಟಕ, ಕೊನೆಗೆ ಪ್ರೊಜೆಕ್ಟರ್ ಹಾಕಿ ಒಂದು ಕಿರುಚಿತ್ರ. ಅದರ ಕತೆ ಎಲ್ಲರಿಗೂ ಬಾಯಿಪಾಠ: ಒಳ್ಳೆಯ ಹುಡುಗ, ಕೆಟ್ಟ ಗೆಳೆಯ, ಒಂದು ದಮ್ಮು, ಅಮ್ಮನ ಕಣ್ಣೀರು, ಆಸ್ಪತ್ರೆಯ ಮಂಚ, ಮತ್ತೆ ಕಾಲೇಜಿನ ಗೇಟು. ಹತ್ತು ನಿಮಿಷದೊಳಗೆ ಹುಡುಗ ಕೆಟ್ಟು, ಸುಧಾರಿಸಿ, ಚಪ್ಪಾಳೆಯನ್ನೂ ಗಿಟ್ಟಿಸಿರುತ್ತಾನೆ. ಹಿಂದಿನ ಬೆಂಚಿನಲ್ಲಿ ಕೂತ ಯಾರಿಗಾದರೂ ನಿಜವಾಗಿ ಆ ಚಟ ಹತ್ತಿದ್ದರೆ, ಇದು ತನ್ನ ಕತೆಯಲ್ಲ ಎಂದು ಅವನಿಗೆ ಎರಡನೇ ನಿಮಿಷಕ್ಕೇ ಗೊತ್ತಾಗಿಬಿಡುತ್ತದೆ.

ಮಂಗಳೂರಿಗೆ ಇದು ದೂರದ ವಿಷಯವೇನೂ ಅಲ್ಲ. 2023ರ ಜನವರಿಯಲ್ಲಿ ಗಾಂಜಾ ಪ್ರಕರಣದಲ್ಲಿ ನಗರ ಪೊಲೀಸರು ಬಂಧಿಸಿದವರಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. ಓದಿದವರಿಗೆ ಇದೆಲ್ಲ ತಾಗುವುದಿಲ್ಲ ಎಂದು ನಂಬಿದ್ದ ಊರಿಗೆ ಅದೊಂದು ಪೆಟ್ಟು. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿಗೆ ಹೋಗಿ 37 ಕಿಲೋಗೂ ಹೆಚ್ಚು ಎಂಡಿಎಂಎ ಹಿಡಿದರು. ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದರು. ಮಾಲು ಹಿಡಿದ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಅದನ್ನು ಸೇವಿಸುತ್ತಿದ್ದ ಹುಡುಗ ಮರುದಿನದಿಂದ ಏನಾದ ಎಂಬುದು ಯಾವ ಪುಟದಲ್ಲೂ ಇರುವುದಿಲ್ಲ. ಆ ಜಾಗವನ್ನು ತುಂಬಬೇಕಾದದ್ದು ಸಿನಿಮಾ. ಕೆಲವು ಸಿನಿಮಾಗಳು ತುಂಬಿವೆ, ಬಹಳಷ್ಟು ತುಂಬಿಲ್ಲ.

ಮನೆಯಲ್ಲೋ ಹಾಸ್ಟೆಲಿನಲ್ಲೋ ಅಪಾರ್ಟ್‌ಮೆಂಟಿನ ಹಾಲಿನಲ್ಲೋ ಒಂದು ಸಿನಿಮಾ ಹಾಕಿ ಆಮೇಲೆ ಮಾತಿಗೆ ಕೂರಬೇಕು ಅನ್ನುವವರಿಗಾಗಿ ಈ ಲೇಖನ. ಚಿತ್ರ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಚಟ ಬಿಟ್ಟವನು ಇಲ್ಲಿ ಮತ್ತೆ ಬೀಳುತ್ತಾನೆಯೇ? ಬೀಳದಿದ್ದರೆ ಆ ಚಿತ್ರವನ್ನು ಮನರಂಜನೆಗೆ ನೋಡಿ, ಪಾಠಕ್ಕೆ ಬೇಡ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೆ ಒಮ್ಮೆಯಾದರೂ ಚಟಕ್ಕೆ ಮರಳುತ್ತಾರೆ ಎಂಬುದು ಅಮೆರಿಕದ ರಾಷ್ಟ್ರೀಯ ಮಾದಕ ವ್ಯಸನ ಸಂಸ್ಥೆ ಕೊಡುವ ಲೆಕ್ಕ. ಬಿಪಿ, ಆಸ್ತಮಾ ರೋಗಿಗಳು ಔಷಧಿ ತಪ್ಪಿಸಿ ಮತ್ತೆ ಹಾಸಿಗೆ ಹಿಡಿಯುವ ಪ್ರಮಾಣವೂ ಅಷ್ಟೇ ಎಂದು ಅದೇ ಸಂಸ್ಥೆ ಹೇಳುತ್ತದೆ. ಬಿಪಿ ಏರಿದರೆ ಯಾರೂ ಅಪ್ಪನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ಮಗ ಎರಡನೇ ಸಲ ಸೇದಿದ ಎಂದು ತಿಳಿದ ದಿನ ಮಾತ್ರ ಮನೆಯವರು ಕೈಚೆಲ್ಲುತ್ತಾರೆ. ಇದನ್ನು ಬದಲಿಸಬಲ್ಲ ಸಿನಿಮಾಗಳು ಬೇಕು.

ಮೊದಲು ಹೆತ್ತವರು ನೋಡಲಿ

ಒಂದೇ ಚಿತ್ರ ಹೇಳಿ ಎಂದರೆ ನಾನು ಹೇಳುವುದು ‘ಬ್ಯೂಟಿಫುಲ್ ಬಾಯ್’. 2018ರ ಈ ಇಂಗ್ಲಿಷ್ ಚಿತ್ರವನ್ನು ನಿರ್ದೇಶಿಸಿದವರು ಫೀಲಿಕ್ಸ್ ವಾನ್ ಗ್ರೋನಿಂಗನ್. ಅಪ್ಪ ಡೇವಿಡ್ ಶೆಫ್ ಮತ್ತು ಮಗ ನಿಕ್ ಶೆಫ್ ಇಬ್ಬರೂ ತಮ್ಮ ತಮ್ಮ ಅನುಭವವನ್ನು ಬೇರೆ ಬೇರೆ ಪುಸ್ತಕವಾಗಿ ಬರೆದಿದ್ದರು; ಎರಡನ್ನೂ ಸೇರಿಸಿ ಚಿತ್ರ ಮಾಡಿದರು. ಅಪ್ಪನ ಪಾತ್ರ ಸ್ಟೀವ್ ಕರೆಲ್‌ದು, ಮಗನದು ತಿಮೊಥಿ ಶಾಲಮೆಯದು. ಓದುವ, ಬರೆಯುವ, ಅಪ್ಪನ ಜೊತೆ ಸಲುಗೆಯಿಂದಿರುವ ಮಗ. ಕ್ರಿಸ್ಟಲ್ ಮೆತ್ ಎಂಬ ರಾಸಾಯನಿಕ ಅವನನ್ನು ಹಿಡಿದುಕೊಳ್ಳುತ್ತದೆ. ನಮ್ಮ ಊರಲ್ಲಿ ಸಿಗುವ ಎಂಡಿಎಂಎ ಇದೇ ರಾಸಾಯನಿಕ ಕುಟುಂಬದ್ದು ಎಂಬುದನ್ನು ಹೆತ್ತವರು ನೆನಪಿಟ್ಟುಕೊಂಡು ನೋಡಬೇಕು.

ಚಿತ್ರದಲ್ಲಿ ಕೆಟ್ಟ ಗೆಳೆಯ ಎಂದು ಬೆರಳು ತೋರಿಸಲು ಯಾರೂ ಇಲ್ಲ. ಮನೆ ಬಡತನದ್ದಲ್ಲ. ತಂದೆತಾಯಿ ಬೇರೆಯಾಗಿದ್ದಾರೆ, ಆದರೆ ಮಗನ ವಿಷಯ ಬಂದಾಗ ಇಬ್ಬರೂ ಓಡಿಬರುತ್ತಾರೆ. ಆದರೂ ನಿಕ್ ಬಿಡುತ್ತಾನೆ, ಬೀಳುತ್ತಾನೆ, ಮತ್ತೆ ಬಿಡುತ್ತಾನೆ, ಮತ್ತೆ ಬೀಳುತ್ತಾನೆ. ನೋಡುತ್ತಾ ನೋಡುತ್ತಾ ಬೇಸರ ಬರುತ್ತದೆ, ಬರಲಿ. ಆ ಬೇಸರವೇ ವ್ಯಸನಿಯ ಮನೆಯವರ ದಿನಚರಿ. ಮಲತಾಯಿ ಕ್ಯಾರೆನ್ ಕಾರು ಹತ್ತಿ ನಿಕ್‌ನ ಕಾರನ್ನು ಬೆನ್ನಟ್ಟುವ ದೃಶ್ಯ ಒಂದಿದೆ. ಅಳುತ್ತಾ ಓಡಿಸುತ್ತಾಳೆ, ಒಂದು ಹಂತದಲ್ಲಿ ನಿಲ್ಲಿಸಿಬಿಡುತ್ತಾಳೆ. ಇನ್ನೊಂದು ಕಡೆ, ಮಗ ಫೋನ್ ಮಾಡಿ ಮನೆಗೆ ಬರುತ್ತೇನೆ ಎಂದಾಗ ಅಪ್ಪ ಬೇಡ ಎನ್ನುತ್ತಾನೆ. ಈ ಎರಡು ದೃಶ್ಯಗಳ ಬಗ್ಗೆ ಗಂಡಹೆಂಡತಿ ಕೂತು ಒಂದು ಗಂಟೆ ಮಾತಾಡಬಹುದು: ಎಲ್ಲಿಯವರೆಗೆ ಬೆನ್ನಟ್ಟಬೇಕು? ದುಡ್ಡು ಕೇಳಿದರೆ ಕೊಡಬೇಕೇ? ಸಾಲ ತೀರಿಸಬೇಕೇ? ನಮ್ಮಲ್ಲಿ ‘ಏನೇ ಆದರೂ ಮಗ’ ಎಂಬ ಮಾತು ದೊಡ್ಡದು. ಆ ಮಾತಿನ ನೆರಳಲ್ಲೇ ಎಷ್ಟೋ ಅಮ್ಮಂದಿರು ಬಳೆ ಅಡವಿಟ್ಟು ಪೆಡ್ಲರ್‌ನ ಸಾಲ ತೀರಿಸಿದ್ದಾರೆ.

‘ಬ್ಯೂಟಿಫುಲ್ ಬಾಯ್’ ಜೊತೆಗೆ ‘ಫ್ಲೈಟ್’ ನೋಡಿದರೆ ಒಳ್ಳೆಯದು. ರಾಬರ್ಟ್ ಝೆಮೆಕಿಸ್ 2012ರಲ್ಲಿ ಮಾಡಿದ ಚಿತ್ರ. ಡೆನ್ಜೆಲ್ ವಾಷಿಂಗ್ಟನ್ ಇಲ್ಲಿ ಪೈಲಟ್. ಕುಡಿತ, ಕೊಕೇನ್ ಎರಡೂ ಇದ್ದ ಆ ಮನುಷ್ಯ ಕೆಟ್ಟುಹೋದ ವಿಮಾನವನ್ನು ತಲೆಕೆಳಗು ಮಾಡಿ ಹಾರಿಸಿ ನೂರಕ್ಕೆ ಹತ್ತಿರ ಮಂದಿಯ ಜೀವ ಉಳಿಸುತ್ತಾನೆ. ಸಮರ್ಥನಾದವನಿಗೆ ಚಟವಿದ್ದರೆ ಸುತ್ತಲಿನವರು ಹೇಗೆ ಕಣ್ಣುಮುಚ್ಚಿಕೊಳ್ಳುತ್ತಾರೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ಇನ್ನೊಂದು ಸಿಗುವುದು ಕಷ್ಟ. ವಿಚಾರಣೆಯ ಹಿಂದಿನ ರಾತ್ರಿ ಅವನನ್ನು ಮದ್ಯವಿಲ್ಲದ ಹೋಟೆಲ್ ಕೋಣೆಯಲ್ಲಿ ಕಾವಲಿಟ್ಟು ಕೂರಿಸುತ್ತಾರೆ. ಪಕ್ಕದ ಕೋಣೆಯ ಬಾಗಿಲು ತೆರೆದಿರುತ್ತದೆ, ಅಲ್ಲೊಂದು ಪುಟ್ಟ ಫ್ರಿಜ್. ಆ ದೃಶ್ಯದಲ್ಲಿ ಸಂಭಾಷಣೆಯೇ ಇಲ್ಲ. ಮರುದಿನ ಒಂದು ಸುಳ್ಳು ಹೇಳಿದ್ದರೆ ಬಚಾವಾಗುತ್ತಿದ್ದ. ಹೇಳುವುದಿಲ್ಲ, ಜೈಲಿಗೆ ಹೋಗುತ್ತಾನೆ. ಅವನ ಬಿಡುಗಡೆ ಶುರುವಾಗುವುದು ಜೈಲಿನಲ್ಲಿ. ಕೆಲಸ ಹೋಯಿತು, ಹೆಸರು ಹೋಯಿತು, ಮಗ ಮಾತ್ರ ಮಾತಾಡಲು ಬಂದ. ಅಷ್ಟೇ ಸಿಕ್ಕಿದ್ದು. ನಮ್ಮ ಚಿತ್ರಗಳ ನಾಯಕನಿಗೆ ಚಟ ಬಿಟ್ಟ ಕೂಡಲೇ ಹಳೆಯದೆಲ್ಲ ಬಡ್ಡಿ ಸಮೇತ ವಾಪಸ್ ಬರುವುದನ್ನು ನೋಡಿ ಅಭ್ಯಾಸವಾದವರಿಗೆ ಇದು ಒಳ್ಳೆಯ ಮದ್ದು.

‘ಉಡ್ತಾ ಪಂಜಾಬ್’ ಮತ್ತು ಹಾಸ್ಟೆಲಿನ ಹುಡುಗರು

ಹದಿನೆಂಟು ದಾಟಿದ ಹುಡುಗರ ಗುಂಪಿಗಾದರೆ ಅಭಿಷೇಕ್ ಚೌಬೆ ಅವರ ‘ಉಡ್ತಾ ಪಂಜಾಬ್’. 2016ರಲ್ಲಿ ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಹತ್ತಾರು ಕತ್ತರಿ ಸೂಚಿಸಿತ್ತು. ನಿರ್ಮಾಪಕರು ಬಾಂಬೆ ಹೈಕೋರ್ಟಿಗೆ ಹೋದರು. ಒಂದೇ ಕತ್ತರಿಯೊಂದಿಗೆ ಬಿಡುಗಡೆಗೆ ನ್ಯಾಯಾಲಯ ಒಪ್ಪಿತು. ‘ಎ’ ಪ್ರಮಾಣಪತ್ರದ ಚಿತ್ರ, ಬೈಗುಳ ಧಾರಾಳ. ಕಾಲೇಜಿನ ಸಭಾಂಗಣದಲ್ಲಿ ಪ್ರಾಂಶುಪಾಲರು ಮುಂದಿನ ಸಾಲಿನಲ್ಲಿ ಕೂತಿರುವಾಗ ಹಾಕುವಂಥದ್ದಲ್ಲ.

ಇದರಲ್ಲಿ ನಾಲ್ಕು ಕತೆ ಒಟ್ಟಿಗೆ ಓಡುತ್ತವೆ. ಡ್ರಗ್ಸ್ ಹಾಡು ಹಾಡಿಯೇ ಹೆಸರು ಮಾಡಿದ ಗಾಯಕ ಟಾಮಿ ಸಿಂಗ್ (ಶಾಹಿದ್ ಕಪೂರ್), ಬಿಹಾರದಿಂದ ಕೂಲಿಗೆ ಬಂದು ಸಿಕ್ಕಿಹಾಕಿಕೊಂಡ ಹುಡುಗಿ (ಆಲಿಯಾ ಭಟ್), ಲಂಚ ತಿಂದು ಲಾರಿ ಬಿಡುತ್ತಿದ್ದ ಪೊಲೀಸ್ ಸರ್ತಾಜ್ (ದಿಲ್ಜಿತ್ ದೋಸಾಂಜ್), ವ್ಯಸನಿಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಪ್ರೀತ್ (ಕರೀನಾ ಕಪೂರ್). ತಾನು ಬಿಟ್ಟ ಲಾರಿಯ ಮಾಲು ತನ್ನ ತಮ್ಮನ ರಕ್ತಕ್ಕೆ ಸೇರಿದೆ ಎಂದು ಸರ್ತಾಜ್‌ಗೆ ತಿಳಿಯುವುದು ತಡವಾಗಿ. ಹುಡುಗರ ಜೊತೆ ನಿಲ್ಲಿಸಿ ಮಾತಾಡಬೇಕಾದ ದೃಶ್ಯ ಟಾಮಿ ಲಾಕಪ್ಪಿನಲ್ಲಿರುವಾಗಿನದು. ಅಲ್ಲಿ ಅವನಿಗೆ ಇಬ್ಬರು ಅಭಿಮಾನಿ ಹುಡುಗರು ಸಿಗುತ್ತಾರೆ, ಅವನದೇ ಹಾಡು ಹಾಡುತ್ತಾರೆ. ಡ್ರಗ್ಸ್‌ಗೆ ದುಡ್ಡು ಕೊಡದ ತಾಯಿಯನ್ನು ಕೊಂದು ಬಂದವರು ಅವರು. ಟಾಮಿಗೆ ಗಿರ್ರೆನ್ನುವುದು ಆಗ.

ಈ ದೃಶ್ಯ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ನೇರ: ನಿಮ್ಮ ಫೋನಿನಲ್ಲಿ ಇರುವ ಹಾಡುಗಳಲ್ಲಿ ಎಷ್ಟು ಇದೇ ಬಗೆಯವು? 1971ರಲ್ಲಿ ದೇವ್ ಆನಂದ್ ‘ಹರೇ ರಾಮ ಹರೇ ಕೃಷ್ಣ’ ತೆಗೆದದ್ದು ಎಚ್ಚರಿಕೆ ಹೇಳಲಿಕ್ಕೆ. ಜೀನತ್ ಅಮಾನ್ ಮಾಡಿದ ತಂಗಿಯ ಪಾತ್ರ ಕೊನೆಗೆ ಸಾಯುತ್ತದೆ. ಜನರಿಗೆ ಆ ಸಾವು ಮರೆತುಹೋಗಿ ಐವತ್ತು ವರ್ಷದ ಮೇಲಾಯಿತು; ಚಿಲುಮೆ ಹಿಡಿದು ಕುಣಿಯುವ ಹಾಡು ಇಂದಿಗೂ ಕಾಲೇಜ್ ಡೇಯಲ್ಲಿ ಮೊಳಗುತ್ತದೆ. ಎಚ್ಚರಿಕೆ ಮತ್ತು ಹಾಡು ಒಂದೇ ಚಿತ್ರದಲ್ಲಿದ್ದರೆ ಉಳಿಯುವುದು ಹಾಡು.

ಲೋಕೇಶ್ ಕನಗರಾಜ್ ಅವರ ‘ಕೈದಿ’ (2019), ‘ವಿಕ್ರಮ್’ (2022) ಥರದ ತಮಿಳು ಚಿತ್ರಗಳನ್ನು ಡ್ರಗ್ಸ್ ವಿರೋಧಿ ಚಿತ್ರ ಎಂದು ಕೆಲವರು ಸೂಚಿಸುವುದುಂಟು. ನನಗೆ ಒಪ್ಪಿಗೆಯಿಲ್ಲ. ಚಿತ್ರಗಳು ಚೆನ್ನಾಗಿವೆ, ಆದರೆ ಅಲ್ಲಿ ಡ್ರಗ್ಸ್ ಅಂದರೆ ಲಾರಿಯ ಮೂಟೆ, ಅಷ್ಟೇ. ಅದಕ್ಕಾಗಿ ಹೊಡೆದಾಡುತ್ತಾರೆ. ಅದನ್ನು ಬಿಡಲಾಗದೆ ನಡುಗುವವನು ಚಿತ್ರದಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಪಕ್ಕದ ಮಲಯಾಳದಿಂದ

ತಲಪಾಡಿ ದಾಟಿದರೆ ಕೇರಳ. ಮಂಗಳೂರಿನ ಚಿತ್ರಮಂದಿರಗಳಲ್ಲಿ ಮಲಯಾಳ ಚಿತ್ರಕ್ಕೆ ಸದಾ ಜನ ಉಂಟು. ಆದ್ದರಿಂದ ‘ವೆಳ್ಳಂ’ ಅನ್ನು ನಮ್ಮ ಪಟ್ಟಿಗೆ ಸೇರಿಸಿಕೊಳ್ಳಲು ಸಂಕೋಚ ಬೇಡ. ಕಣ್ಣೂರು ಜಿಲ್ಲೆಯ ಮುರಳಿ ಕುನ್ನುಂಪುರತ್ ಎಂಬವರ ಬದುಕನ್ನು ಆಧರಿಸಿ ಪ್ರಜೇಶ್ ಸೇನ್ ನಿರ್ದೇಶಿಸಿದ ಚಿತ್ರ ಇದು. ಕೋವಿಡ್‌ನಿಂದ ಮುಚ್ಚಿದ್ದ ಕೇರಳದ ಚಿತ್ರಮಂದಿರಗಳು ತೆರೆದಾಗ, 2021ರ ಜನವರಿ 22ರಂದು ಬಿಡುಗಡೆಯಾಯಿತು. ಜಯಸೂರ್ಯ ಮಾಡಿದ ಕುಡುಕನ ಪಾತ್ರ ನಗಿಸುವುದಕ್ಕೆ ಇರುವುದಲ್ಲ. ಮನೆಯವರ ನಾಚಿಕೆ, ಸಾಲ, ಊರವರ ಬಾಯಿ, ಕೆಲಸ ಕೊಟ್ಟವನಿಗೇ ಮೋಸ, ಎಲ್ಲವೂ ಇದೆ. ಮುಖ್ಯವಾಗಿ, ಅವನು ಸುಧಾರಿಸುವುದು ಆಸ್ಪತ್ರೆಯಲ್ಲಿ, ಮನೋವೈದ್ಯರ ಕೈಯಲ್ಲಿ. ದೇವರ ಮುಂದೆ ಒಂದು ಆಣೆ, ಮರುದಿನದಿಂದ ಸಂತ ಎಂಬ ಕತೆಯಲ್ಲ. ಒಂದೇ ತಕರಾರು: ಕೊನೆಗೆ ಅವನು ದೊಡ್ಡ ವ್ಯಾಪಾರಿಯಾಗುತ್ತಾನೆ. ನಿಜಜೀವನದಲ್ಲೂ ಹಾಗೇ ಆಗಿರುವುದರಿಂದ ನಿರ್ದೇಶಕರನ್ನು ದೂರುವಂತಿಲ್ಲ. ಆದರೆ ಕುಡಿತ ಬಿಟ್ಟು ಮತ್ತೆ ಬಂದರಿನಲ್ಲಿ ಮೀನು ಹೊರಲು ಹೋಗುವವನ ಗೆಲುವೂ ಗೆಲುವೇ ಎಂದು ನೋಡುವವರಿಗೆ ನೀವೇ ಹೇಳಬೇಕಾಗುತ್ತದೆ.

ರಂಜಿತ್ ನಿರ್ದೇಶನದ ‘ಸ್ಪಿರಿಟ್’ (2012) ಇದಕ್ಕೆ ಜೋಡಿ. ಮೋಹನ್‌ಲಾಲ್ ಇಲ್ಲಿ ಬುದ್ಧಿವಂತ ಟಿವಿ ನಿರೂಪಕ, ಬೆಳಿಗ್ಗೆಯಿಂದಲೇ ಕುಡಿಯುವವನು. ಗೆಳೆಯನ ಸಾವಿನ ನಂತರ ಅವನು ಬಿಡುವುದು ತೀರಾ ಬೇಗ ಆಗಿಬಿಟ್ಟಿತು. ಆದರೆ ನಂದು ಮಾಡಿರುವ ಪ್ಲಂಬರ್ ಮಣಿಯನ್ ಪಾತ್ರಕ್ಕಾಗಿ ನೋಡಬೇಕು. ಒಂದೇ ಚಟ ಬಂಗಲೆಯಲ್ಲಿ ಹೇಗೆ, ಗುಡಿಸಲಿನಲ್ಲಿ ಹೇಗೆ ಎಂಬುದು ಆ ಇಬ್ಬರನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಆಶಿಕ್ ಅಬು ಅವರ ‘ಇಡುಕ್ಕಿ ಗೋಲ್ಡ್’ (2013) ಬೇರೆಯೇ ಜಾತಿಯದು. ಶಾಲೆಯ ಹಳೆಯ ಗೆಳೆಯರು ಹಿಂದೆ ಸೇದಿದ ಗಾಂಜಾ ಹುಡುಕಿಕೊಂಡು ಬೆಟ್ಟ ಹತ್ತುವ ಕತೆ. ತಮಾಷೆಯ ಚಿತ್ರ, ಆದರೆ ‘ಗಾಂಜಾ ಗಿಡಮೂಲಿಕೆ ಅಲ್ವಾ, ಎಂತ ಆಗುದಿಲ್ಲ ಮಾರಾಯ’ ಎನ್ನುವ ಹುಡುಗನಿಗೆ ಅದು ಉತ್ತರ ಕೊಡುವುದಿಲ್ಲ.

ಕನ್ನಡದಲ್ಲಿ ಏನುಂಟು?

ಕುಡಿತದ ಬಗ್ಗೆ ಉಂಟು, ಡ್ರಗ್ಸ್ ಬಗ್ಗೆ ಕಡಿಮೆ, ಚಟದಿಂದ ಹೊರಬರುವ ದಾರಿಯ ಬಗ್ಗೆ ಇನ್ನೂ ಕಡಿಮೆ. ದೊರೆ-ಭಗವಾನ್ ಜೋಡಿಯ ‘ಜೀವನ ಚೈತ್ರ’ (1992) ಊರಿಗೆ ಊರೇ ಮದ್ಯಕ್ಕೆ ಬಿದ್ದಾಗ ಸಿಡಿದೇಳುವ ರಾಜ್‌ಕುಮಾರ್ ಚಿತ್ರ. ವಿಶಾಲಾಕ್ಷಿ ದಕ್ಷಿಣಾಮೂರ್ತಿ ಅವರ ಕಾದಂಬರಿ ಆಧರಿಸಿದ್ದು. ಅದು ಸಾಮಾಜಿಕ ಸಿಟ್ಟಿನ ಚಿತ್ರ. ಸಾರಾಯಿ ಅಂಗಡಿ ಮುಚ್ಚಿದರೆ ಸಮಸ್ಯೆ ಮುಗಿಯಿತು ಎಂಬ ನಂಬಿಕೆ ಅದರದು. ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಂತಿತೇ ಎಂಬುದನ್ನು ಓದುಗರೇ ಹೇಳಲಿ.

ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ ಇಂದಿಗೂ ಹಳತಾಗಿಲ್ಲ. ರಾಜಕಾರಣಿ ಧರ್ಮಾಧಿಕಾರಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹತ್ತಿಸುತ್ತಾನೆ. ಅನಂತ್‌ನಾಗ್ ಮಾಡಿರುವ ಆ ತಂದೆ ಎಲ್ಲವನ್ನೂ ಮುಚ್ಚಿಹಾಕಲು ಹೊರಡುತ್ತಾನೆ. ಸಾಮಾಜಿಕ ವಿಷಯದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಮಗನನ್ನು ಕೇಸಿನಿಂದ ಬಚಾವು ಮಾಡುವ ಅಪ್ಪ, ಅವನನ್ನು ಚಟದಿಂದ ಬಚಾವು ಮಾಡಲು ಏನೂ ಮಾಡುವುದಿಲ್ಲ. ಪ್ರಭಾವಿ ಮನೆಗಳಲ್ಲಿ ಈಗಲೂ ಇದೇ ನಡೆಯುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ದುನಿಯಾ ವಿಜಯ್ ನಟಿಸಿ ನಿರ್ದೇಶಿಸಿದ ‘ಭೀಮ’ 2024ರ ಆಗಸ್ಟ್‌ನಲ್ಲಿ ಬಂತು. ಬೆಂಗಳೂರಿನ ಬಡಾವಣೆಯ ಎಳೆ ಹುಡುಗರು ನಶೆಗೆ ಬೀಳುವುದನ್ನು ಕನ್ನಡದಲ್ಲಿ ಇಷ್ಟು ಹತ್ತಿರದಿಂದ ತೋರಿಸಿದವರು ಕಡಿಮೆ. ಆದರೆ ಪರಿಹಾರ ಮಾತ್ರ ಲಾಂಗು ಮಚ್ಚಿನದು. ಮಾರುವವನನ್ನು ಹೊಡೆದು ಹಾಕಿದರೆ ಸೇದುವವನ ಗತಿ ಏನು ಎಂದು ಚಿತ್ರ ಕೇಳುವುದಿಲ್ಲ. ಹಿಂಸೆಯೂ ಜಾಸ್ತಿ, ಮಕ್ಕಳಿಗೆ ಬೇಡ.

ನನ್ನ ಆಯ್ಕೆ ಕೇಳಿದರೆ ಎರಡು ಅನಿರೀಕ್ಷಿತ ಹೆಸರು ಹೇಳುತ್ತೇನೆ. ಒಂದು ಪವನ್ ಕುಮಾರ್ ಅವರ ‘ಲೂಸಿಯಾ’ (2013), ಜನರಿಂದಲೇ ದುಡ್ಡು ಒಟ್ಟುಮಾಡಿ ತೆಗೆದ ಚಿತ್ರ. ಚಿತ್ರಮಂದಿರದಲ್ಲಿ ಟಾರ್ಚ್ ಬಿಡುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಯಾರೋ ಒಂದು ಮಾತ್ರೆ ಕೊಡುತ್ತಾರೆ, ನಿದ್ದೆಯ ಜೊತೆ ಬೇಕಾದ ಬದುಕೇ ಕನಸಾಗಿ ಬರುತ್ತದೆ. ಮಾತ್ರೆ ನಿಲ್ಲಿಸಿದರೆ ಅದೇ ಕನಸು ದುಃಸ್ವಪ್ನವಾಗುತ್ತದೆ. ಇದನ್ನು ಯಾರೂ ಡ್ರಗ್ಸ್ ಚಿತ್ರವೆಂದು ಕರೆಯಲಿಲ್ಲ. ಆದರೂ ಸತೀಶ್ ನೀನಾಸಂ ಅವರ ಆ ಪಾತ್ರವನ್ನು ನೋಡಿದರೆ ಮನುಷ್ಯ ಯಾಕೆ ಮಾತ್ರೆಯ ಕಡೆ ಕೈ ಚಾಚುತ್ತಾನೆ, ಯಾಕೆ ವಾಪಸ್ ತೆಗೆಯಲಾರ ಎಂಬುದು ಭಾಷಣವಿಲ್ಲದೆ ಅರ್ಥವಾಗುತ್ತದೆ. ಔಷಧಿ ಅಂಗಡಿಯ ಮಾತ್ರೆ ಅಪಾಯವಲ್ಲ ಎಂದುಕೊಂಡವರಿಗಂತೂ ತೋರಿಸಲೇಬೇಕು. ನೋವಿಗೆ ಕೊಡುವ ಟ್ರಮಡಾಲ್ ಅನ್ನು 2018ರಲ್ಲಿ ಮಾದಕ ದ್ರವ್ಯ ಕಾಯ್ದೆಯ ವ್ಯಾಪ್ತಿಗೆ ತಂದದ್ದು ಸುಮ್ಮನೆ ಅಲ್ಲ.

ಇನ್ನೊಂದು ‘777 ಚಾರ್ಲಿ’ (2022). ನಿರ್ದೇಶಕ ಕಿರಣ್‌ರಾಜ್ ಕಾಸರಗೋಡಿನವರು, ನಟ ರಕ್ಷಿತ್ ಶೆಟ್ಟಿ ಉಡುಪಿಯವರು. ಡ್ರಗ್ಸ್ ಮಾತೇ ಇಲ್ಲ. ಬಿಯರು, ಸಿಗರೇಟು, ಇಡ್ಲಿ, ಟಿವಿಯಲ್ಲಿ ಚಾಪ್ಲಿನ್, ಇಷ್ಟರಲ್ಲೇ ದಿನ ತಳ್ಳುವ ಧರ್ಮನ ಮನೆಗೆ ಒಂದು ನಾಯಿ ಬರುತ್ತದೆ. ಚಟ ಬಿಡಲು ಕಾರಣವೊಂದು ಬೇಕು, ಆ ಕಾರಣಕ್ಕೆ ಬೆಳಿಗ್ಗೆ ಎದ್ದು ಹೊಟ್ಟೆಗೆ ಹಾಕಬೇಕಾದ ಇನ್ನೊಂದು ಜೀವ ಇದ್ದರೆ ಒಳ್ಳೆಯದು ಎಂಬುದನ್ನು ಎಂಟು ವರ್ಷದ ಮಗುವಿನ ಜೊತೆ ಕೂತು ನೋಡಬಹುದು.

ತುಳು ನಾಟಕ, ತುಳು ಸಿನಿಮಾಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿ ಕುಡುಕನೆಂದರೆ ನಗಿಸಲಿಕ್ಕೇ ಇರುವವನು. ತೂರಾಡಿಕೊಂಡು ಬಂದರೆ ಸಾಕು, ಸಭೆ ಬಿದ್ದು ಬಿದ್ದು ನಗುತ್ತದೆ. ನಾನೂ ನಕ್ಕಿದ್ದೇನೆ. ಆದರೆ ಅದೇ ಸಭೆಯಲ್ಲಿ ಕೂತ ಎಷ್ಟು ಹೆಂಗಸರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂದು ನಮ್ಮ ಕಲಾವಿದರು ಒಮ್ಮೆ ವೇದಿಕೆಯಿಂದ ಗಮನಿಸಲಿ.

ಯಾರಿಗೆ ಯಾವುದು ಬೇಡ

ಚಿಕಿತ್ಸೆ ಮುಗಿಸಿ ಈಚೆಗೆ ಮನೆಗೆ ಬಂದವರಿಗೆ ಡ್ರಗ್ಸ್ ಚಿತ್ರ ತೋರಿಸಬೇಡಿ. ‘ನೋಡಿ ಬುದ್ಧಿ ಕಲಿಯಲಿ’ ಎಂದು ಎಷ್ಟೋ ಮನೆಯವರು ಇದನ್ನೇ ಮಾಡುತ್ತಾರೆ. ಸಿರಿಂಜು, ಪುಡಿ, ಕಾಗದ ಸುತ್ತುವ ಕೈ, ಹೊಗೆ ಇವು ತೆರೆಯ ಮೇಲೆ ಬಂದರೂ ಬಿಟ್ಟವನ ಮಿದುಳಿನಲ್ಲಿ ಹಳೆಯ ಆಸೆ ಕೆರಳುತ್ತದೆ. ವ್ಯಸನ ಚಿಕಿತ್ಸೆಯಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಡ್ಯಾನಿ ಬಾಯ್ಲ್ ಅವರ ‘ಟ್ರೇನ್‌ಸ್ಪಾಟಿಂಗ್’ (1996), ಡ್ಯಾರೆನ್ ಅರನಾಫ್‌ಸ್ಕಿ ಅವರ ‘ರಿಕ್ವಿಯಮ್ ಫಾರ್ ಎ ಡ್ರೀಮ್’ (2000) ದೊಡ್ಡ ಚಿತ್ರಗಳೇ. ಎರಡನೆಯದರಲ್ಲಿ ತೂಕ ಇಳಿಸುವ ಮಾತ್ರೆಗೆ ಬಿದ್ದ ತಾಯಿಯ ಪಾತ್ರವನ್ನು ಮರೆಯಲಾಗದು. ಆದರೆ ಇವನ್ನು ಶಿಕ್ಷಕರು, ಕೌನ್ಸೆಲರ್‌ಗಳು, ಹೆತ್ತವರು ನೋಡಲಿ.

ಶಾಲಾ ಮಕ್ಕಳಿಗೆ ತೋರಿಸುವ ಮೊದಲು ಸೆನ್ಸಾರ್ ಗುರುತು ನೋಡಿ. 2024ರಿಂದ ಯುಎ ಪ್ರಮಾಣಪತ್ರವನ್ನು 7, 13, 16 ಎಂದು ವಯಸ್ಸಿನ ಪ್ರಕಾರ ಮೂರಾಗಿ ಒಡೆದಿದ್ದಾರೆ. ಮನೆಯ ಒಟಿಟಿಯಲ್ಲಿ ಮಕ್ಕಳ ಪ್ರೊಫೈಲಿಗೆ ಪಿನ್ ಹಾಕುವುದು ಐದು ನಿಮಿಷದ ಕೆಲಸ. ಯಾವುದೇ ಚಿತ್ರವಾಗಲಿ, ತೋರಿಸುವವರು ಮೊದಲು ಪೂರ್ತಿ ನೋಡಿರಬೇಕು.

ಸಿನಿಮಾ ಹೇಳುವ ಒಂದು ಅಪಾಯಕಾರಿ ಸುಳ್ಳು

1955ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಚಿತ್ರದಲ್ಲಿ ಫ್ರಾಂಕ್ ಸಿನಾತ್ರಾ ಹೆರಾಯಿನ್ ವ್ಯಸನಿ. ಹಾಲಿವುಡ್ಡಿನ ಅಂದಿನ ನೀತಿಸಂಹಿತೆ ಮಾದಕ ವ್ಯಸನವನ್ನು ತೋರಿಸಲು ಬಿಡುತ್ತಿರಲಿಲ್ಲ. ನಿರ್ದೇಶಕ ಆಟೊ ಪ್ರೆಮಿಂಜರ್ ಒಪ್ಪಿಗೆಯ ಮುದ್ರೆಯಿಲ್ಲದೆಯೇ ಬಿಡುಗಡೆ ಮಾಡಿಸಿದರು. ಆ ಧೈರ್ಯಕ್ಕೆ ಸಲಾಂ. ಆದರೆ ಅದರಲ್ಲಿ ಬಂದ ಒಂದು ದೃಶ್ಯ ಜಗತ್ತಿನ ಸಿನಿಮಾಗಳಿಗೆ ಅಂಟಿಕೊಂಡಿತು: ಕೋಣೆಗೆ ಬೀಗ ಹಾಕಿ, ಕೆಲವು ದಿನ ಕಿರುಚಲು ಬಿಟ್ಟು, ಹೊರಗೆ ತೆಗೆದರೆ ಮನುಷ್ಯ ಸರಿಯಾಗಿರುತ್ತಾನೆ.

ಇದನ್ನು ನಂಬಿ ಮನೆಯಲ್ಲಿ ಯಾರನ್ನೂ ಕೂಡಿಹಾಕಬೇಡಿ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ನಿದ್ದೆ ಮಾತ್ರೆಯ ಚಟವೂ ಹಾಗೆಯೇ. ಹೆರಾಯಿನ್ ಬಿಟ್ಟವನಿಗೆ ಇನ್ನೊಂದು ಅಪಾಯ ಉಂಟು: ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ದೇಹ ತಡೆಯುವುದಿಲ್ಲ, ಉಸಿರು ನಿಲ್ಲುತ್ತದೆ. ಆಸ್ಪತ್ರೆಯಿಂದ, ಜೈಲಿನಿಂದ ಹೊರಬಂದ ಮೊದಲ ವಾರಗಳಲ್ಲಿ ಸಾವು ಹೆಚ್ಚುವುದು ಇದೇ ಕಾರಣಕ್ಕೆ. ಬಿಡಿಸುವ ಕೆಲಸ ವೈದ್ಯರ ಕಣ್ಣೆದುರು ಆಗಬೇಕು.

ಚಿತ್ರ ಮುಗಿದ ಮೇಲೆ

ಲೈಟು ಹಾಕಿದ ಕೂಡಲೇ ‘ನೋಡಿದಿಯಾ, ಹೇಗೆ ಹಾಳಾಗ್ತಾರೆ’ ಎಂದು ಶುರುಮಾಡಿದರೆ ಅಲ್ಲಿಗೆ ಮುಗಿಯಿತು. ಪಾತ್ರದ ಬಗ್ಗೆ ಕೇಳಿ, ಮಗನ ಬಗ್ಗೆ ಬೇಡ. ‘ಅವನ ಗೆಳೆಯರಿಗೆ ಮೊದಲೇ ಗೊತ್ತಿತ್ತು ಅನ್ನಿಸ್ತದಾ? ಅವರು ಯಾಕೆ ಮನೆಯವರಿಗೆ ಹೇಳಲಿಲ್ಲ?’ ಎಂದು ಕೇಳಿದರೆ ಮಕ್ಕಳು ತಮ್ಮ ಗೆಳೆಯರ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ಆಗ ನಡುವೆ ಬಾಯಿ ಹಾಕದೆ ಕೇಳುವುದೇ ಕಷ್ಟದ ಕೆಲಸ. ಹುಡುಗ ಏನಾದರೂ ಬಾಯಿಬಿಟ್ಟರೆ ಅದೇ ರಾತ್ರಿ ಗೆಳೆಯನ ಮನೆಗೆ ಫೋನ್ ಮಾಡಿ ರಂಪ ಮಾಡಬೇಡಿ; ಇನ್ನೊಮ್ಮೆ ಅವನು ಏನೂ ಹೇಳುವುದಿಲ್ಲ.

ಕಾಲೇಜಿನವರಿಗೆ ಒಂದು ಸಲಹೆ. ಸಭಾಂಗಣದಲ್ಲಿ ಐನೂರು ಮಂದಿಗೆ ಒಟ್ಟಿಗೆ ತೋರಿಸುವುದರಿಂದ ಫೋಟೊ ಚೆನ್ನಾಗಿ ಬರುತ್ತದೆ, ಮಾತು ಬರುವುದಿಲ್ಲ. ಒಂದು ತರಗತಿಯಷ್ಟು ಜನ, ಒಬ್ಬ ಮನೋವೈದ್ಯರು ಅಥವಾ ಕೌನ್ಸೆಲರ್, ಸಾಧ್ಯವಾದರೆ ಚಟ ಬಿಟ್ಟು ಕೆಲವು ವರ್ಷ ಕಳೆದ ಒಬ್ಬರು, ಅವರ ಒಪ್ಪಿಗೆ ಪಡೆದು. ಮುಗಿದ ಮೇಲೆ ಹೆಸರಿಲ್ಲದೆ ಚೀಟಿ ಹಾಕಲು ಒಂದು ಡಬ್ಬ ಇಡಿ. ಪೊಲೀಸರನ್ನು ಬೇರೆ ದಿನ ಕರೆಯಿರಿ, ಅವರು ಕೂತಿರುವ ಕೋಣೆಯಲ್ಲಿ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ.

ಮಂಗಳೂರಿನಲ್ಲಿ ಎಲ್ಲಿಗೆ ಹೋಗುವುದು

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕುಡಿತದ ಗುಲಾಮರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ; ಜನ ಹೋಗಲು ನಾಚುತ್ತಾರೆ. ಹಂಪನಕಟ್ಟೆಯ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋದರೆ ಖರ್ಚು ಕಡಿಮೆ. ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಕೆಎಂಸಿ, ಎಲ್ಲ ಕಡೆ ಮನೋವೈದ್ಯ ವಿಭಾಗಗಳಿವೆ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮದ್ಯವ್ಯಸನ ಬಿಡಿಸುವ ಶಿಬಿರಗಳಿಗೆ ಹೆಸರಾದದ್ದು. ಸಮಸ್ಯೆ ತೀರಾ ಜಟಿಲವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಉಂಟು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಊರೂರಲ್ಲಿ ಮಾಡುವ ಮದ್ಯವರ್ಜನ ಶಿಬಿರಗಳು ಕರಾವಳಿಯವರಿಗೆ ಗೊತ್ತಿರುವುದೇ. ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿಗಳ ಮೇಲೆ ನನಗೆ ಹೆಚ್ಚು ನಂಬಿಕೆ, ಏಕೆಂದರೆ ಬಿಟ್ಟವರು ಅಲ್ಲಿ ಪರಸ್ಪರ ಭೇಟಿಯಾಗುತ್ತಿರುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳೂ ನಗರದಲ್ಲಿವೆ; ಎಎ ಮೀಟಿಂಗಿಗೆ ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಯೂ ಇಲ್ಲ. ಆದರೆ ಎಂಡಿಎಂಎ, ಹೆರಾಯಿನ್, ಮಾತ್ರೆಗಳ ಚಟಕ್ಕೆ ಶಿಬಿರ ಸಾಲದು, ಮನೋವೈದ್ಯರು ಬೇಕೇ ಬೇಕು.

ಖಾಸಗಿ ರಿಹ್ಯಾಬ್ ಸೇರಿಸುವುದಾದರೆ ಮೂರು ವಿಷಯ ಕೇಳಿ: ನೋಂದಣಿ ಉಂಟೋ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರು ಯಾವಾಗ ನೋಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ತೊಂದರೆಯನ್ನೂ ಮಾನಸಿಕ ಕಾಯಿಲೆಯ ಒಳಗೆ ಸೇರಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಹೊಡೆದು ಬಿಡಿಸುತ್ತೇವೆ ಎನ್ನುವ ಜಾಗದಿಂದ ಆ ಕ್ಷಣವೇ ಹೊರಗೆ ಬನ್ನಿ.

ಕಾನೂನಿನ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ಈ ಮಾತು. 1985ರ ಎನ್‌ಡಿಪಿಎಸ್ ಕಾಯ್ದೆಯ ಕಲಂ 27ರ ಪ್ರಕಾರ ಸೇವನೆಗೂ ಶಿಕ್ಷೆ ಉಂಟು: ವಸ್ತುವನ್ನು ನೋಡಿಕೊಂಡು ಆರು ತಿಂಗಳು ಅಥವಾ ಒಂದು ವರ್ಷದವರೆಗೆ. ಆದರೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಿದರೆ ಕಲಂ 64ಎ ಅವನನ್ನು ವಿಚಾರಣೆಯಿಂದ ಕಾಪಾಡುತ್ತದೆ. ನಡುವೆ ಬಿಟ್ಟುಹೋದರೆ ಆ ರಕ್ಷಣೆ ಹೋಗಬಹುದು. ಇನ್ನೊಂದು ಎಚ್ಚರ: ಎಂಡಿಎಂಎ 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ‘ಫ್ರೆಂಡ್ಸಿಗೆ ಅಂತ ತಂದದ್ದು’ ಎನ್ನುವ ಹುಡುಗನನ್ನು ಕಾನೂನು ಗೆಳೆಯನೆಂದು ನೋಡುವುದಿಲ್ಲ. ಇದನ್ನು ಯಾವ ಸಿನಿಮಾವೂ ಹೇಳಿಲ್ಲ, ಮನೆಯಲ್ಲಿ ನೀವೇ ಹೇಳಬೇಕು.

ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ: ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮನಸ್ 14416, ಮಾರಾಟದ ಬಗ್ಗೆ ಸುಳಿವು ಕೊಡಲು 1933.